‘ಯಾರು ನೋಡ್ಯಾರ?’ ಎಂಬ ಪ್ರಶ್ನೆಗೆ ಥೈಮಿಡಿನ್ ಕೊಡುವ ಉತ್ತರ

ಅಭ್ಯಾಸ ಬೋಧನೆಗೆ ಹೊರಡುವ ಮುನ್ನ ನಾವು ಬರೆಯುವ ಪಾಠಯೋಜನೆಯಲ್ಲಿ ಬಹುತೇಕ ಎಲ್ಲದಕ್ಕೂ ಒಂದು ಕಲಂ ಇದೆ. ಕಲಿಕಾಂಶ, ಪೂರ್ವಜ್ಞಾನ, ಕಲಿಕೋಪಕರಣ, ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗಿನ ಐದು ಹಂತಗಳು, ಕೊನೆಗೆ ಕಪ್ಪುಹಲಗೆಯ ಸಾರಾಂಶ. ಒಂದಕ್ಕೆ ಮಾತ್ರ ಜಾಗವಿಲ್ಲ. ನಾವು ಹೇಳಲಿರುವ ಸಂಗತಿ ಯಾರಿಗೆ, ಯಾವ ಪ್ರಯೋಗದಿಂದ, ಹೇಗೆ ತಿಳಿಯಿತು ಎಂಬುದಕ್ಕೆ. ವಿಜ್ಞಾನದ ಪಾಠಯೋಜನೆಯಲ್ಲಿ ಈ ಒಂದು ಕಲಂ ಸೇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಬರಿಯ ಮಾತಿನಲ್ಲಿ ವಾದಿಸುವ ಬದಲು ಥೈಮಿಡಿನ್ ಎಂಬ ಒಂದು ಸಣ್ಣ ಅಣುವಿನ ಉದಾಹರಣೆಯಿಂದ ಹೇಳುತ್ತೇನೆ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿ ಅಧ್ಯಾಯ ಆರಂಭವಾಗುವುದೇ ಡಿಎನ್ಎ ನಕಲಿನಿಂದ. ಜೀವಿಯೊಂದು ತನ್ನಂತಹ ಇನ್ನೊಂದನ್ನು ಹುಟ್ಟಿಸಬೇಕಾದರೆ ಮೊದಲು ತನ್ನ ಡಿಎನ್ಎಯ ನಕಲು ಮಾಡಿಕೊಳ್ಳಬೇಕು ಎಂದು ಪುಸ್ತಕ ಹೇಳುತ್ತದೆ. ಕಮಲಾಪುರದ ಪ್ರೌಢಶಾಲೆಯಲ್ಲಿ ಈ ಪಾಠ ನನ್ನ ಪಾಲಿಗೆ ಬಂದಿತ್ತು. ಅಲ್ಲಿಯ ಮಕ್ಕಳಿಗೆ ನಕಲು ಎಂಬ ಮಾತನ್ನು ಅರ್ಥ ಮಾಡಿಸುವುದು ಕಷ್ಟವಲ್ಲ, ಏಕೆಂದರೆ ಅವರ ಊರೇ ಕೆಂಪು ಬಾಳೆಗೆ ಹೆಸರಾದದ್ದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಬಾಳೆಯನ್ನು ಯಾರೂ ಬೀಜದಿಂದ ಬೆಳೆಸುವುದಿಲ್ಲ. ತಾಯಿಗಿಡದ ಬುಡದಲ್ಲಿ ಎದ್ದ ಕಂದನ್ನು ಕಿತ್ತು ಬೇರೆ ಕಡೆ ನೆಡುತ್ತಾರೆ. ಕೆಂಪು ಬಾಳೆ ಮೂರು ಸೆಟ್ ವರ್ಣತಂತುಗಳಿರುವ ತ್ರಿಗುಣಿತ ಸಸ್ಯ, ಹಣ್ಣಿನಲ್ಲಿ ಮೊಳೆಯುವ ಬೀಜ ಇರುವುದಿಲ್ಲ. ಹಾಗಿದ್ದರೂ ತಾಯಿಯ ಕೆಂಪು ಮಗಳಿಗೆ, ಮಗಳ ಕೆಂಪು ಮೊಮ್ಮಗಳಿಗೆ ಬರುತ್ತಲೇ ಇದೆ. ಪ್ರತಿ ಕೋಶ ವಿಭಜನೆಯಲ್ಲೂ ಡಿಎನ್ಎ ಸರಿಯಾಗಿ ನಕಲಾಗುತ್ತಿರುವುದರಿಂದಲೇ ಇದು ಸಾಧ್ಯ.

ಇಷ್ಟು ಹೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ಕೇಳಿದ: “ನಕಲು ಆಗತದ ಅಂತೀರಿ, ಅದು ಆಗೋದು ಯಾರು ನೋಡ್ಯಾರ?” ತರಗತಿ ನಕ್ಕಿತು. ಆದರೆ ಅದು ತಲೆಹರಟೆಯ ಪ್ರಶ್ನೆಯಲ್ಲ. ಆ ಅಧ್ಯಾಯಕ್ಕೆ ಕೇಳಬಹುದಾದ ಅತ್ಯುತ್ತಮ ಪ್ರಶ್ನೆ ಅದೇ. ಮರುದಿನದ ಅವಧಿಯನ್ನು ಅದಕ್ಕೇ ಮೀಸಲಿಟ್ಟೆ. ಆ ಅವಧಿಗೆ ತಯಾರಿ ಮಾಡಿಕೊಳ್ಳುವಾಗ ಹತ್ತನೇ ತರಗತಿಯ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ ಎಂಬುದನ್ನೂ, ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪುಸ್ತಕದಲ್ಲಿ ಇರುವ ಉತ್ತರ ಎಷ್ಟು ಮೂಲೆಗೆ ಸರಿದಿದೆ ಎಂಬುದನ್ನೂ ಗಮನಿಸಿದೆ.

ಪಿಯುಸಿ ಪುಸ್ತಕ ಮೆಸೆಲ್ಸನ್ ಮತ್ತು ಸ್ಟಾಲ್ ಅವರ ಪ್ರಯೋಗವನ್ನು ಚಿತ್ರಸಹಿತ ವಿವರಿಸುತ್ತದೆ. ಭಾರದ ನೈಟ್ರೋಜನ್, ಬ್ಯಾಕ್ಟೀರಿಯಾ, ಸೀಸಿಯಂ ಕ್ಲೋರೈಡ್, ಸೆಂಟ್ರಿಫ್ಯೂಜ್ ಎಲ್ಲವೂ ಅಲ್ಲಿವೆ. ಅದರ ಕೊನೆಯಲ್ಲಿ, ಇದೇ ಬಗೆಯ ಪ್ರಯೋಗವನ್ನು ಟೇಲರ್ ಮತ್ತು ಸಂಗಡಿಗರು ವಿಕಿರಣಶೀಲ ಥೈಮಿಡಿನ್ ಬಳಸಿ ಫಾಬಾ ಬೀನ್ಸ್ ಗಿಡದಲ್ಲಿ ಮಾಡಿದರು ಎಂಬ ಒಂದೆರಡು ವಾಕ್ಯಗಳಿವೆ. ಇಸವಿ 1958 ಎಂದಿದೆ. ಟೇಲರ್, ವುಡ್ಸ್ ಮತ್ತು ಹ್ಯೂಸ್ ಅವರ ಮೂಲ ಲೇಖನ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದದ್ದು 1957ರಲ್ಲಿ. ಅಂದರೆ ಪುಸ್ತಕದಲ್ಲಿ ಬಾಲಂಗೋಚಿಯಂತೆ ಬರುವ ಈ ಪ್ರಯೋಗ, ಮೆಸೆಲ್ಸನ್ ಮತ್ತು ಸ್ಟಾಲ್ ಅವರ 1958ರ ಲೇಖನಕ್ಕಿಂತ ಮೊದಲಿನದು. ನಮ್ಮ ಮಕ್ಕಳ ಮಟ್ಟಿಗೆ ಅದಕ್ಕಿಂತ ಸುಲಭವಾದದ್ದು ಕೂಡ, ಏಕೆಂದರೆ ಇಲ್ಲಿ ಇರುವುದು ಒಂದು ಕಾಳು, ಅದರ ಬೇರು, ಒಂದು ಗುರುತು ಮತ್ತು ಒಂದು ಫೋಟೋ.

ಥೈಮಿಡಿನ್ ಎಂದರೇನು ಎಂಬುದನ್ನು ಮೊದಲು ಸರಳವಾಗಿ ನೋಡೋಣ. ಡಿಎನ್ಎ ನಾಲ್ಕು ಬಗೆಯ ಬಿಲ್ಲೆಗಳಿಂದ ಕಟ್ಟಿದ ಉದ್ದನೆಯ ಏಣಿ. ಆ ನಾಲ್ಕರಲ್ಲಿ ಒಂದರ ಪ್ರತ್ಯಾಮ್ಲ ಥೈಮೀನ್. ಕರುವಿನ ಥೈಮಸ್ ಗ್ರಂಥಿಯಿಂದ ಮೊದಲು ಬೇರ್ಪಡಿಸಿದ್ದರಿಂದ ಅದಕ್ಕೆ ಆ ಹೆಸರು. ಥೈಮೀನಿಗೆ ಡಿಆಕ್ಸಿರೈಬೋಸ್ ಸಕ್ಕರೆ ಸೇರಿದರೆ ಥೈಮಿಡಿನ್ ಎಂಬ ನ್ಯೂಕ್ಲಿಯೊಸೈಡ್ ಆಗುತ್ತದೆ. ಕೋಶಕ್ಕೆ ಹೊರಗಿನಿಂದ ಥೈಮಿಡಿನ್ ಕೊಟ್ಟರೆ ಅದು ಒಳಗೆ ತೆಗೆದುಕೊಂಡು, ಫಾಸ್ಫೇಟ್ ಜೋಡಿಸಿ, ಹೊಸ ಡಿಎನ್ಎ ಕಟ್ಟುವಾಗ ಬಳಸುತ್ತದೆ. ಪ್ರಯೋಗಾಲಯದಲ್ಲಿ ಇದು ಬಿಳಿಯ ಪುಡಿ, ನೀರಿನಲ್ಲಿ ಕರಗುತ್ತದೆ. ನೋಡಲು ಯಾವ ವಿಶೇಷವೂ ಇಲ್ಲ.

ವಿಶೇಷವಿರುವುದು ವಿಜ್ಞಾನಿಗಳು ಇದನ್ನೇ ಆರಿಸಿಕೊಂಡ ಕಾರಣದಲ್ಲಿ. ಕೋಶದಲ್ಲಿ ಸಾವಿರಾರು ವಸ್ತುಗಳು ಸದಾ ತಯಾರಾಗುತ್ತಿರುತ್ತವೆ. ಸಕ್ಕರೆಗೋ ಅಮೈನೋ ಆಮ್ಲಕ್ಕೋ ಗುರುತು ಹಾಕಿ ಬಿಟ್ಟರೆ ಆ ಗುರುತು ಕೋಶದ ತುಂಬ ಹರಡಿಬಿಡುತ್ತದೆ. ಫಾಸ್ಫೇಟಿಗೆ ಗುರುತು ಹಾಕಿದರೆ ಅದು ಆರ್‌ಎನ್‌ಎಗೂ ಹೋಗುತ್ತದೆ. ಥೈಮೀನ್ ಹಾಗಲ್ಲ. ಆರ್‌ಎನ್‌ಎಯಲ್ಲಿ ಅದರ ಜಾಗದಲ್ಲಿ ಯುರಾಸಿಲ್ ಇರುತ್ತದೆ. ಹಾಗಾಗಿ ಕೊಟ್ಟ ಥೈಮಿಡಿನ್ ಕೋಶದಲ್ಲಿ ಉಳಿಯುವ ಜಾಗ ಮುಖ್ಯವಾಗಿ ಒಂದೇ, ಹೊಸದಾಗಿ ಕಟ್ಟಿದ ಡಿಎನ್ಎ. ‘ಗುರುತನ್ನು ಯಾವುದರ ಮೇಲೆ ಹಾಕಬೇಕು?’ ಎಂಬ ಈ ಯೋಚನೆಯೇ ಇಡೀ ಪ್ರಯೋಗದ ಜೀವಾಳ. ಮಕ್ಕಳು ಟೇಲರ್ ಹೆಸರು ಮರೆತರೂ ಪರವಾಗಿಲ್ಲ, ಈ ಯೋಚನೆ ಅವರ ಬಳಿ ಉಳಿಯಬೇಕು.

ತರಗತಿಯಲ್ಲಿ ಇದನ್ನು ಹೇಳಲು ನಾನು ನಮ್ಮ ಕಡೆಯ ಶಹಾಬಾದ್ ಕಲ್ಲನ್ನೇ ಬಳಸಿದೆ. ಒಂದು ಗೋಡೆ ಏಳುತ್ತಿದೆ ಎಂದುಕೊಳ್ಳಿ. ಒಂದು ದಿನ ಮಾತ್ರ ಸುಣ್ಣದ ಗುರುತು ಹಾಕಿದ ಕಲ್ಲು ಪೂರೈಸಿದಿರಿ, ಆಮೇಲೆ ಮತ್ತೆ ಸಾದಾ ಕಲ್ಲು. ವಾರದ ನಂತರ ಹೋಗಿ ನೋಡಿದರೂ ಆ ದಿನ ಎಷ್ಟು ಗೋಡೆ, ಎಲ್ಲಿ ಎದ್ದಿತು ಎಂದು ಬೆರಳಿಟ್ಟು ತೋರಿಸಬಹುದು, ಕಟ್ಟುವಾಗ ನೀವು ಅಲ್ಲಿ ನಿಂತಿರಬೇಕಿಲ್ಲ. ಆದರೆ ಗುರುತನ್ನು ಕಲ್ಲಿಗೆ ಹಾಕದೆ ನೀರಿಗೆ ಬಣ್ಣ ಬೆರೆಸಿ ಹಾಕಿದ್ದರೆ? ಆ ನೀರು ಗಾರೆಗೂ ಹೋಗುತ್ತದೆ, ನೆಲಕ್ಕೂ ಚೆಲ್ಲುತ್ತದೆ, ಕೆಲಸದವರ ಕೈಗೂ ಅಂಟುತ್ತದೆ. ಮಕ್ಕಳು ಈ ವ್ಯತ್ಯಾಸವನ್ನು ಕೂಡಲೇ ಹಿಡಿದರು. ಥೈಮಿಡಿನ್ ಎಂದರೆ ಗುರುತಿನ ಕಲ್ಲು, ಬಣ್ಣದ ನೀರಲ್ಲ.

ಟೇಲರ್ ತಂಡ ಹಾಕಿದ ಗುರುತು ಟ್ರಿಟಿಯಂ. ಇದು ಹೈಡ್ರೋಜನ್ನಿನ ವಿಕಿರಣಶೀಲ ರೂಪ, ಅರ್ಧಾಯುಷ್ಯ ಸುಮಾರು 12.3 ವರ್ಷ. ಇದರಿಂದ ಹೊರಡುವ ಬೀಟಾ ಕಣ ಬಹಳ ದುರ್ಬಲ, ಹೆಚ್ಚೆಂದರೆ ಕೆಲವೇ ಮೈಕ್ರೋಮೀಟರ್ ಸಾಗಿ ನಿಲ್ಲುತ್ತದೆ. ಈ ದೌರ್ಬಲ್ಯವೇ ಇಲ್ಲಿ ಉಪಯೋಗಕ್ಕೆ ಬಂತು. ಕಣ ದೂರ ಹೋಗದಿದ್ದರೆ ಅದು ಬಿದ್ದ ಚುಕ್ಕೆ ಹೊರಟ ಜಾಗಕ್ಕೆ ಅಂಟಿಕೊಂಡೇ ಇರುತ್ತದೆ. ಫಾಬಾ ಬೀನ್ಸ್ ಮೊಳಕೆಗಳ ಬೇರುಗಳನ್ನು ಟ್ರಿಟಿಯಂ ಗುರುತಿನ ಥೈಮಿಡಿನ್ ದ್ರಾವಣದಲ್ಲಿ 8 ಗಂಟೆ ಇಟ್ಟು, ತೊಳೆದು, ಗುರುತಿಲ್ಲದ ದ್ರಾವಣಕ್ಕೆ ಬದಲಾಯಿಸಿದರು. ಅದರಲ್ಲಿ ಕಾಲ್ಚಿಸಿನ್ ಬೆರೆಸಿದ್ದರು. ಕಾಲ್ಚಿಸಿನ್ ಇದ್ದರೆ ವರ್ಣತಂತುಗಳು ದ್ವಿಗುಣಗೊಂಡರೂ ಕೋಶ ಎರಡಾಗುವುದಿಲ್ಲ, ಎಲ್ಲವೂ ಒಂದೇ ಕೋಶದಲ್ಲಿ ಉಳಿಯುತ್ತವೆ. ಆಮೇಲೆ ಬೇರಿನ ತುದಿಯನ್ನು ಗಾಜಿನ ಮೇಲೆ ಜಜ್ಜಿ, ಕತ್ತಲೆಯಲ್ಲಿ ಫೋಟೋಗ್ರಫಿಯ ಲೇಪದ ಪದರ ಹೊದಿಸಿ ಇಟ್ಟರು. ಗುರುತಿರುವ ಡಿಎನ್ಎ ತನ್ನ ಮೇಲಿನ ಲೇಪದಲ್ಲಿ ತಾನೇ ಕಪ್ಪು ಬೆಳ್ಳಿ ಚುಕ್ಕೆಗಳನ್ನು ಮೂಡಿಸಿತು. ಎಕ್ಸ್‌ರೇ ಫಿಲ್ಮ್ ಕಂಡ ಮಕ್ಕಳಿಗೆ ಈ ಭಾಗ ಹೊಸದೆನಿಸುವುದಿಲ್ಲ.

ಫಾಬಾ ಬೀನ್ಸ್ ಆರಿಸಿದ್ದಕ್ಕೂ ಕಾರಣವಿದೆ. ಇದು ನಮ್ಮ ತೊಗರಿ ಮತ್ತು ಕಡಲೆಯ ಕುಟುಂಬದ್ದೇ ಗಿಡ. ತೊಗರಿಯಲ್ಲಿ 22 ವರ್ಣತಂತುಗಳಿದ್ದರೆ ಇದರಲ್ಲಿ 12 ಮಾತ್ರ, ಅವೂ ದೊಡ್ಡವು, ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಕಾಣುತ್ತವೆ. ಕಾಲ್ಚಿಸಿನ್ ಇರುವುದರಿಂದ ಎಣಿಕೆಯೇ ಗಡಿಯಾರವಾಗುತ್ತದೆ. ಕೋಶದಲ್ಲಿ 12 ಇದ್ದರೆ ಅದು ಗುರುತು ಹಿಡಿದ ನಂತರದ ಮೊದಲ ವಿಭಜನೆ, 24 ಇದ್ದರೆ ಎರಡನೆಯದು. ಮೊದಲ ವಿಭಜನೆಯಲ್ಲಿ ಪ್ರತಿ ವರ್ಣತಂತುವಿನ ಎರಡೂ ಕ್ರೊಮ್ಯಾಟಿಡ್‌ಗಳ ಮೇಲೆ ಚುಕ್ಕೆಗಳಿದ್ದವು. ಎರಡನೆಯದರಲ್ಲಿ ಒಂದು ಕ್ರೊಮ್ಯಾಟಿಡ್ ಮೇಲೆ ಚುಕ್ಕೆಗಳು, ಅದರ ಜೊತೆಯದು ಖಾಲಿ. ಪ್ರತಿ ನಕಲಿನಲ್ಲೂ ಅರ್ಧ ಹಳೆಯದು, ಅರ್ಧ ಹೊಸದು ಎಂದು ಒಪ್ಪಿದರೆ ಮಾತ್ರ ಈ ಎರಡೂ ಫಲಿತಾಂಶ ಹೊಂದುತ್ತವೆ. ಪಿಯುಸಿಯಲ್ಲಿ ಇದಕ್ಕೇ ಸೆಮಿಕನ್ಸರ್ವೇಟಿವ್ ಎನ್ನುವುದು.

ಇದನ್ನು ತರಗತಿಯಲ್ಲಿ ಮಾಡಲು ಟ್ರಿಟಿಯಂ ಬೇಡ, ಕಾಲ್ಚಿಸಿನ್ ಬೇಡ. ಕಾಲ್ಚಿಸಿನ್ ವಿಷ, ಅದು ಶಾಲೆಯ ಹತ್ತಿರವೂ ಬರಬಾರದು. ಮೂರು ಬಣ್ಣದ ದಾರದ ಉಂಡೆಗಳು ಸಾಕು. ಹಳೆಯ ಡಿಎನ್ಎಗೆ ಕಪ್ಪು ದಾರ, ಗುರುತಿನ ಥೈಮಿಡಿನ್ ಸೇರಿದ ಹೊಸ ಎಳೆಗೆ ಕೆಂಪು, ಗುರುತಿಲ್ಲದ ಹೊಸ ಎಳೆಗೆ ಬಿಳಿ. ಐದೈದು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿಗೂ ಎರಡು ಕಪ್ಪು ದಾರ ಹೊಸೆದ ಒಂದು ಜೋಡಿ ಕೊಟ್ಟೆ. ಉತ್ತರ ಹೇಳದೆ ಮೂರು ಸಾಧ್ಯತೆಗಳನ್ನು ಹಲಗೆಯ ಮೇಲೆ ಬರೆದೆ. ಹಳೆಯ ಜೋಡಿ ಹಾಗೇ ಉಳಿದು ಪೂರ್ತಿ ಹೊಸ ಜೋಡಿ ಹುಟ್ಟಬಹುದು. ಹಳೆಯ ಜೋಡಿ ಬಿಚ್ಚಿ, ಒಂದೊಂದು ಹಳೆಯ ಎಳೆಗೂ ಒಂದೊಂದು ಹೊಸ ಎಳೆ ಸೇರಬಹುದು. ಹಳೆಯದು ತುಂಡು ತುಂಡಾಗಿ ಎಲ್ಲ ಕಡೆ ಹಂಚಿಹೋಗಬಹುದು. ಪ್ರತಿ ಸಾಧ್ಯತೆಯಲ್ಲೂ ಮೊದಲ ಸುತ್ತಿಗೆ ಏನು ಕಾಣಬೇಕು, ಎರಡನೆಯದಕ್ಕೆ ಏನು ಎಂದು ದಾರ ಜೋಡಿಸಿ ಮೊದಲೇ ಬರೆದಿಡಲು ಹೇಳಿದೆ.

ಮೊದಲ ಸಾಧ್ಯತೆ ನಿಜವಾದರೆ ಮೊದಲ ಸುತ್ತಿನಲ್ಲೇ ಒಂದು ಜೋಡಿ ಪೂರ್ತಿ ಕಪ್ಪು, ಇನ್ನೊಂದು ಪೂರ್ತಿ ಕೆಂಪು ಇರಬೇಕು. ಮೂರನೆಯದು ನಿಜವಾದರೆ ಎರಡನೇ ಸುತ್ತಿನಲ್ಲೂ ಎರಡೂ ಜೋಡಿಗಳಲ್ಲಿ ಕೆಂಪು ಚೂರುಗಳಿರಬೇಕು. ಎರಡನೆಯದರಲ್ಲಿ ಮಾತ್ರ ಮೊದಲ ಸುತ್ತಿಗೆ ಎರಡೂ ಜೋಡಿಗಳಲ್ಲಿ ಕೆಂಪು, ಎರಡನೇ ಸುತ್ತಿಗೆ ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಇಲ್ಲ. ಎಲ್ಲ ಗುಂಪುಗಳೂ ಬರೆದ ಮೇಲೆ ಟೇಲರ್ ತಂಡ ಕಂಡದ್ದನ್ನು ಹಲಗೆಯ ಮೇಲೆ ಬಿಡಿಸಿದೆ. ‘ಹಳೆಯದು ಹಾಗೇ ಉಳೀತದ’ ಎಂದು ಗಟ್ಟಿಯಾಗಿ ವಾದಿಸುತ್ತಿದ್ದ ಗುಂಪು ತಮ್ಮ ದಾರ ನೋಡಿಕೊಂಡು ತಾವೇ ಬಿಟ್ಟುಕೊಟ್ಟಿತು. ಉತ್ತರ ತಪ್ಪು ಎಂದು ನಾನು ಹೇಳಬೇಕಾಗಲಿಲ್ಲ. ಮೌಲ್ಯಮಾಪನದ ಹಂತದಲ್ಲಿ ನಾವು ಹುಡುಕುವುದು ಇಂಥದ್ದನ್ನೇ ಅಲ್ಲವೇ?

ಇಲ್ಲಿ ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಬೇಕು. ಟೇಲರ್ ಕಂಡ ಚಿತ್ರ ನಮ್ಮ ದಾರದಷ್ಟು ಚೊಕ್ಕವಾಗಿರಲಿಲ್ಲ. ಎರಡನೇ ವಿಭಜನೆಯ ಕೆಲವು ವರ್ಣತಂತುಗಳಲ್ಲಿ ಚುಕ್ಕೆಗಳ ಸಾಲು ಒಂದು ಕ್ರೊಮ್ಯಾಟಿಡ್ ಮೇಲೆ ಹೋಗುತ್ತ ನಡುವೆ ತಟ್ಟನೆ ಜೊತೆಯದಕ್ಕೆ ದಾಟಿತ್ತು. ಜೊತೆ ಕ್ರೊಮ್ಯಾಟಿಡ್‌ಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಅವರು ಅದನ್ನು ಮುಚ್ಚಿಡದೆ ವರದಿ ಮಾಡಿದರು, ಮುಂದೆ ಅದೇ ಒಂದು ಅಧ್ಯಯನ ವಿಷಯವಾಯಿತು. ಹಾಗೆಯೇ ಅವರು ನೋಡಿದ್ದು ವರ್ಣತಂತುವನ್ನು, ಡಿಎನ್ಎಯ ಎಳೆಯನ್ನು ಅಲ್ಲ. ಕಂಡದ್ದಕ್ಕೂ ಅದರಿಂದ ಊಹಿಸಿದ್ದಕ್ಕೂ ನಡುವಿನ ಅಂತರವನ್ನು ಮಕ್ಕಳು ಹತ್ತನೇ ತರಗತಿಯಲ್ಲೇ ಗುರುತಿಸಲು ಕಲಿತರೆ, ಅವರು ವಿಜ್ಞಾನ ವಿಭಾಗಕ್ಕೆ ಹೋದರೂ ಹೋಗದಿದ್ದರೂ ಅದು ಕೆಲಸಕ್ಕೆ ಬರುತ್ತದೆ.

ಇದರಿಂದ ಏನು ಉಪಯೋಗ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರ ಅದೇ ಅಧ್ಯಾಯದ ಕೊನೆಯಲ್ಲಿದೆ. ಡಿಎನ್ಎ ನಕಲಿನಿಂದ ಆರಂಭವಾಗುವ ಸಂತಾನೋತ್ಪತ್ತಿ ಅಧ್ಯಾಯ ಮುಗಿಯುವುದು ಸಂತಾನೋತ್ಪತ್ತಿಯ ಆರೋಗ್ಯದಲ್ಲಿ, ಅಲ್ಲಿ ಎಚ್‌ಐವಿ ಮತ್ತು ಏಡ್ಸ್ ಹೆಸರು ಬರುತ್ತದೆ. ಏಡ್ಸ್‌ಗೆ ಮೊದಲು ಒಪ್ಪಿಗೆ ಸಿಕ್ಕ ಔಷಧ ಜಿಡೋವುಡಿನ್, ಅಮೆರಿಕದಲ್ಲಿ 1987ರಲ್ಲಿ. ಅದು ವೇಷ ಹಾಕಿದ ಥೈಮಿಡಿನ್. ಮುಂದಿನ ಬಿಲ್ಲೆ ಅಂಟಬೇಕಾದ ಕೊಂಡಿಯ ಜಾಗದಲ್ಲಿ ಅದಕ್ಕೆ ಬೇರೊಂದು ಗುಂಪು ಇದೆ. ವೈರಸ್ಸಿನ ಕಿಣ್ವ ಇದನ್ನು ಥೈಮಿಡಿನ್ ಎಂದೇ ಭ್ರಮಿಸಿ ಜೋಡಿಸಿಕೊಳ್ಳುತ್ತದೆ, ಆಮೇಲೆ ಸರಪಳಿ ಮುಂದುವರಿಯುವುದಿಲ್ಲ. 2004ರಿಂದ ನಮ್ಮ ದೇಶದ ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆ ಆರಂಭವಾದಾಗ ಕೊಟ್ಟ ಔಷಧಗಳಲ್ಲಿ ಇದೂ ಒಂದು. ಥೈಮಿಡಿನ್ ತಿಳಿದ ಮಗುವಿಗೆ ಅಧ್ಯಾಯದ ಎರಡು ತುದಿಗಳು ಒಂದೇ ದಾರದಲ್ಲಿ ಪೋಣಿಸಿದಂತೆ ಕಾಣುತ್ತವೆ.

ಶಿಕ್ಷಕರ ತಿಳುವಳಿಕೆಗೆ ಇನ್ನೂ ಎರಡು ಸಂಗತಿ. ಕೋಶ ಸಂಶೋಧನೆಯಲ್ಲಿ ಥೈಮಿಡಿನ್ ಗುರುತಿಗಷ್ಟೇ ಅಲ್ಲ, ಬ್ರೇಕಿಗೂ ಬಳಕೆಯಾಗುತ್ತದೆ. ಸಾಕಣೆ ಮಾಡಿದ ಕೋಶಗಳಿಗೆ ಅದನ್ನು ಅತಿಯಾಗಿ, ಸಾಮಾನ್ಯವಾಗಿ 2 ಮಿಲಿಮೋಲಾರ್ ಪ್ರಮಾಣದಲ್ಲಿ ಕೊಟ್ಟರೆ ಇನ್ನೊಂದು ಬಿಲ್ಲೆಯಾದ ಸೈಟಿಡಿನ್ ಬಗೆಯದರ ತಯಾರಿಕೆ ಕುಗ್ಗುತ್ತದೆ. ಒಂದು ಬಿಲ್ಲೆ ಅತಿಯಾಗಿ, ಇನ್ನೊಂದು ಸಾಲದೆ ಡಿಎನ್ಎ ಕಟ್ಟುವ ಕೆಲಸ ನಿಲ್ಲುತ್ತದೆ. ಥೈಮಿಡಿನ್ ತೊಳೆದು, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಕೊಟ್ಟರೆ ಎಲ್ಲ ಕೋಶಗಳೂ ಒಂದೇ ಗೆರೆಯಲ್ಲಿ ಬಂದು ನಿಲ್ಲುತ್ತವೆ. ಇನ್ನು ಗುರುತಿನ ಕೆಲಸಕ್ಕೆ ಈಗ ವಿಕಿರಣ ಬೇಕೇಬೇಕೆಂದಿಲ್ಲ. ಥೈಮಿಡಿನ್‌ನ ಹೋಲಿಕೆಯ ಬ್ರೋಮೋಡಿಆಕ್ಸಿಯುರಿಡಿನ್ ಅನ್ನು ಪ್ರತಿಕಾಯದಿಂದ ಗುರುತಿಸಬಹುದು, 2008ರಿಂದ ಬಳಕೆಗೆ ಬಂದ ಇಡಿಯು ಎಂಬ ಇನ್ನೊಂದನ್ನು ಹೊಳೆಯುವ ಬಣ್ಣ ಅಂಟಿಸಿ ನೋಡಬಹುದು. ಉಪಾಯ ಮಾತ್ರ 1957ರದ್ದೇ.

ಈಗ ಆಕ್ಷೇಪಗಳಿಗೆ ಬರೋಣ. ಇದು ಪಠ್ಯದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂಬುದು ಮೊದಲನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದೂ ಅದೇ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು, ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಇಂಥ ಜಿಲ್ಲೆಯಲ್ಲಿ ಪಾಸಿಂಗ್ ಪ್ಯಾಕೇಜ್ ಬಿಟ್ಟು ದಾರ ಹೊಸೆಯುತ್ತ ಕೂರುವುದು ಸರಿಯೇ ಎಂದು ಅನುಭವಿ ಶಿಕ್ಷಕರು ಕೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಒಂದು ಮಗು ಎಸ್ಸೆಸ್ಸೆಲ್ಸಿಯಲ್ಲಿ ನಿಂತುಬಿಟ್ಟರೆ ಏನಾಗುತ್ತದೆ ಎಂಬುದನ್ನು ಅವರು ನನಗಿಂತ ಹೆಚ್ಚು ಕಂಡವರು.

ಆದರೆ ನನ್ನ ಪ್ರಶ್ನೆ ಇದು. ಬಾಯಿಪಾಠದ ಉತ್ತರಗಳನ್ನು ನಾವು ವರ್ಷವಿಡೀ ಬರೆಸುತ್ತಿದ್ದರೂ ಫಲಿತಾಂಶ ಹೀಗಿದೆಯಲ್ಲ? ಅರ್ಥವಿಲ್ಲದೆ ಕಂಠಪಾಠ ಮಾಡಿದ್ದು ಪ್ರಶ್ನೆಯ ಮಾತು ಸ್ವಲ್ಪ ಬದಲಾದರೆ ಸಾಕು, ಕೈಕೊಡುತ್ತದೆ. ‘ಡಿಎನ್ಎ ನಕಲಿನ ಮಹತ್ವವೇನು?’ ಎಂದು ಕೇಳಿದರೆ ಬರೆಯುವ ಮಗು ‘ಡಿಎನ್ಎ ನಕಲು ಸಂತಾನೋತ್ಪತ್ತಿಗೆ ಏಕೆ ಅಗತ್ಯ?’ ಎಂದರೆ ಖಾಲಿ ಬಿಡುತ್ತದೆ. ನಾನು ಕೇಳುತ್ತಿರುವುದು ಪ್ರತಿ ಪಾಠಕ್ಕೂ ಒಂದು ದಿನವನ್ನಲ್ಲ. ಒಂದು ಅಧ್ಯಾಯಕ್ಕೆ ಒಂದು ಅವಧಿ, ನಲವತ್ತು ನಿಮಿಷ. ಆ ಅವಧಿ ಪಾಸಿಂಗ್ ಪ್ಯಾಕೇಜಿನ ವೈರಿಯಲ್ಲ, ಅದರೊಳಗಿನ ಒಂದು ಉತ್ತರವಾದರೂ ಮಗುವಿನ ಸ್ವಂತದ್ದಾಗಲು ಇರುವ ದಾರಿ.

ಎರಡನೇ ಆಕ್ಷೇಪ ಭಾಷೆಯದು. ಥೈಮಿಡಿನ್, ಟ್ರಿಟಿಯಂ ಎಂಬ ಹೆಸರುಗಳು ಕನ್ನಡ ಮಾಧ್ಯಮದ ಮಕ್ಕಳಿಗೆ ಭಾರ ಎನ್ನುತ್ತಾರೆ. ನಾನು ಕಂಡದ್ದು ಬೇರೆ. ಹೆಸರು ಭಾರವಾಗುವುದು ಅದರ ಹಿಂದೆ ಕೆಲಸ ಇಲ್ಲದಾಗ. ಥೈಮಿಡಿನ್ ಎಂದರೆ ಗುರುತಿನ ಕಲ್ಲು ಎಂದ ಮೇಲೆ ಆ ಪದ ಮಕ್ಕಳ ಬಾಯಲ್ಲಿ ಸಲೀಸಾಗಿ ಓಡಾಡಿತು. ನಿಜವಾದ ಭಾರ ಮುಂದಿನದು. ಇದೇ ಮಕ್ಕಳಲ್ಲಿ ಕೆಲವರು ಎರಡು ವರ್ಷದ ನಂತರ ಕಲಬುರಗಿ ನಗರದ ಯಾವುದೋ ಪದವಿಪೂರ್ವ ಕಾಲೇಜಿನಲ್ಲಿ ಕುಳಿತು ಇಂಗ್ಲಿಷ್ ಪುಸ್ತಕದಲ್ಲಿ ಟೇಲರ್ ಬಗೆಗಿನ ಆ ಒಂದೆರಡು ವಾಕ್ಯ ಓದುತ್ತಾರೆ. ಕನ್ನಡದಿಂದ ಇಂಗ್ಲಿಷಿಗೆ ಹಾರುವ ಆ ಹೊತ್ತಿನಲ್ಲೇ ನಮ್ಮ ಭಾಗದ ಎಷ್ಟೋ ಮಕ್ಕಳು ವಿಜ್ಞಾನ ಬಿಡುತ್ತಾರೆ. ತರ್ಕ ಮೊದಲೇ ಕನ್ನಡದಲ್ಲಿ ಕೂತಿದ್ದರೆ ಅಲ್ಲಿ ಅವರು ಕಲಿಯಬೇಕಾದದ್ದು ಹೊಸ ಪದಗಳನ್ನಷ್ಟೇ. ತರ್ಕ, ಭಾಷೆ ಎರಡನ್ನೂ ಒಟ್ಟಿಗೆ ಹೊರಬೇಕಾಗಿಲ್ಲ.

ಮೂರನೆಯದು, ಮಾಡಿ ತೋರಿಸಲಾಗದ ಪ್ರಯೋಗವನ್ನು ಹೇಳಿ ಏನು ಪ್ರಯೋಜನ ಎಂಬುದು. ಹಾಗೆ ನೋಡಿದರೆ ಪರಮಾಣು ರಚನೆಯ ಪಾಠದಲ್ಲಿ ರುದರ್‌ಫೋರ್ಡ್‌ನ ಚಿನ್ನದ ಹಾಳೆಯ ಪ್ರಯೋಗವನ್ನೂ ನಾವು ಮಾಡಿ ತೋರಿಸುವುದಿಲ್ಲ, ಹೇಳುತ್ತೇವೆ. ಜೀವಶಾಸ್ತ್ರಕ್ಕೆ ಬಂದಾಗ ಮಾತ್ರ ಏಕೆ ಈ ಸಂಕೋಚ? ಭೌತಶಾಸ್ತ್ರದ ಸತ್ಯಗಳಿಗೆ ಪುರಾವೆ ಬೇಕು, ಜೀವಶಾಸ್ತ್ರದ ಸತ್ಯಗಳನ್ನು ಚಿತ್ರ ಬಿಡಿಸಿ ಭಾಗ ಗುರುತಿಸಿದರೆ ಸಾಕು ಎಂಬ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಸೂಕ್ಷ್ಮದರ್ಶಕವಿರುವ ಶಾಲೆಯಾದರೆ ನೀರಿನ ಲೋಟದ ಮೇಲೆ ಈರುಳ್ಳಿ ಇಟ್ಟು ಬೇರು ಬರಿಸಿ, ತುದಿಯನ್ನು ಬಣ್ಣ ಕಟ್ಟಿ ಜಜ್ಜಿ ವರ್ಣತಂತು ತೋರಿಸಬಹುದು. ಟೇಲರ್ ನೋಡಿದ್ದೂ ಇಂಥದೇ ಜಜ್ಜಿದ ಬೇರಿನ ತುದಿಯನ್ನು.

ಬೋಧಕ ಶಿಕ್ಷಕರಲ್ಲಿ ನನ್ನ ವಿನಂತಿ ಎರಡೇ. ವಿಜ್ಞಾನದ ಪಾಠಯೋಜನೆಯ ನಮೂನೆಯಲ್ಲಿ ‘ಇದು ಹೇಗೆ ತಿಳಿಯಿತು?’ ಎಂಬ ಒಂದು ಸಾಲು ಸೇರಿಸಿ. ಪಾಠ ವೀಕ್ಷಣೆಯ ಹಾಳೆಯಲ್ಲೂ ಅದಕ್ಕೊಂದು ಮನೆ ಇರಲಿ, ಏಕೆಂದರೆ ವೀಕ್ಷಣೆಯಲ್ಲಿ ಇಲ್ಲದ್ದನ್ನು ನಾವು ಪ್ರಶಿಕ್ಷಣಾರ್ಥಿಗಳು ತಯಾರಿಸುವುದಿಲ್ಲ ಎಂಬುದು ನಿಮಗೂ ಗೊತ್ತು. ಸಹಪಾಠಿಗಳಿಗೆ ಹೇಳುವುದು ಇಷ್ಟು: ಮುಂದಿನ ಅಭ್ಯಾಸ ಬೋಧನೆಗೆ ನಿಮ್ಮ ಪಾಲಿಗೆ ಯಾವ ಅಧ್ಯಾಯ ಬಂದರೂ ಅದರಲ್ಲಿ ಒಂದು ವಾಕ್ಯ ಆರಿಸಿ, ಅದು ಯಾವ ಪ್ರಯೋಗದಿಂದ ತಿಳಿಯಿತೆಂದು ಹುಡುಕಿ, ಅದನ್ನು ಊರಿನ ವಸ್ತುಗಳಲ್ಲಿ ಹೇಳುವ ದಾರಿ ಯೋಚಿಸಿ. ಡಿಎನ್ಎ ಪಾಠ ಬಂದವರಿಗೆ ಆ ಕೆಲಸ ಹಗುರ. ಕಪ್ಪು, ಕೆಂಪು, ಬಿಳಿ, ಮೂರು ಉಂಡೆ ದಾರ ತೆಗೆದುಕೊಂಡು ಬಸ್ ಹತ್ತಿದರೆ ಆಯಿತು.